ಹೌದು ಎಂದು ಉಸಿರೆಳೆಯುವ ಊರಿನಲ್ಲಿ

ರಸೆಲ್ ಮಾರುಕಟ್ಟೆ

ನಾನು ಸ್ವೀಡನ್ನಿಗೆ ಹೋದದ್ದು ಹಿಮ ನೋಡಲು ಅಲ್ಲ, ಜಗಳವಾಡಲು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಿಮದ ಮೇಲೆ ನಿಂತು ತೆಗೆಸಿಕೊಂಡ ಫೋಟೊ ಒಂದೇ ಒಂದಿದೆ, ಅದರಲ್ಲೂ ನನ್ನ ಮುಖ ಗಂಟು ಹಾಕಿಕೊಂಡಿದೆ.

ಕಂಟೋನ್ಮೆಂಟ್ ಕಡೆಯ ಒಂದು ಮೆದುಳು ಸಂಶೋಧನಾಲಯದಲ್ಲಿ ನಾನು ಟೆಕ್ನಿಷಿಯನ್. ಬಂದವರ ತಲೆಗೆ ತೂತುಗಳಿರುವ ಬಟ್ಟೆಯ ಟೊಪ್ಪಿ ಹಾಕಿ, ಪ್ರತಿ ತೂತಿಗೂ ಅಂಟಂಟಾದ ಜೆಲ್ ತುಂಬಿ, ಒಳಗೆ ಏಳುವ ಸಣ್ಣ ವಿದ್ಯುತ್ ಅಲೆಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ನಮ್ಮದು ಹೊರಮಾವಿನ ಹಳೇ ಮನೆತನ. ಅಪ್ಪ ರಾಗಿ ಹೊಲದಲ್ಲಿ ಸಾಲು ಹಿಡಿದು ಕಳೆ ತೆಗೆಯುತ್ತಿದ್ದರು. ಆ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟ್ ನಿಂತಿದೆ, ನಾನು ಜನರ ಕೂದಲಲ್ಲಿ ಸಾಲು ಬಿಡಿಸುತ್ತೇನೆ. ಕೈಗುಣ ಅಪ್ಪನದೇ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ, ನಾನಂತೂ ಮೊದಲೇ ಒಪ್ಪಿದ್ದೆ.

ನಮ್ಮ ಶೈಲಜಾ ಮೇಡಂ ಮತ್ತು ಸ್ವೀಡನ್ನಿನ ಉತ್ತರದ ಒಂದು ಪ್ರಯೋಗಾಲಯ ಸೇರಿ ಎರಡು ವರ್ಷ ಒಂದೇ ಪ್ರಯೋಗ ನಡೆಸಿದ್ದರು. ಪರದೆಯ ಮೇಲೆ ಒಂದು ಅಂಕಿ ಬರುತ್ತದೆ. ಸುತ್ತಲಿನ ಚೌಕಟ್ಟು ನೀಲಿಯಾದರೆ ಅದು ಸಮವೋ ಬೆಸವೋ ಎಂದು ಗುಂಡಿ ಒತ್ತಬೇಕು. ಹಳದಿಯಾದರೆ ಐದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಒತ್ತಬೇಕು. ಬಣ್ಣ ಯಾವಾಗ ಬದಲಾಗುತ್ತದೆ ಎಂದು ಕುಳಿತವರಿಗೆ ಗೊತ್ತಿರುವುದಿಲ್ಲ. ಒಂದು ನಿಯಮ ಬಿಟ್ಟು ಇನ್ನೊಂದಕ್ಕೆ ಹಾರುವಾಗ ಹಣೆಯ ಮೇಲೆ, ನಡುನೆತ್ತಿಗಿಂತ ತುಸು ಮುಂದೆ, ಸೆಕೆಂಡಿಗೆ ಐದಾರು ಸಲ ಏರಿಳಿಯುವ ನಿಧಾನದ ಅಲೆಯೊಂದು ಜೋರಾಗುತ್ತದೆ. ಹಿಡಿದ ನಿಯಮವನ್ನು ಕಾದುಕೊಂಡಿರುವ ಚುರುಕು ಅಲೆ ಅದೇ ಹೊತ್ತಿಗೆ ತಗ್ಗುತ್ತದೆ. ಒಬ್ಬರು ಹಿಡಿ ಸಡಿಲಿಸಿದರೆ ತಾನೇ ಇನ್ನೊಬ್ಬರು ಹಿಡಿಯಲು ಆಗುವುದು. ಸೊಸೆ ಬಂದ ಮನೆಗಳಲ್ಲಿ ಎಲ್ಲರಿಗೂ ಇದು ಗೊತ್ತು.

ಪ್ರಯೋಗಕ್ಕೆ ಕೂರಲು ನಾನು ಕರೆತಂದವರಲ್ಲಿ ಹೆಚ್ಚಿನವರು ಶಿವಾಜಿನಗರದವರು. ರಸೆಲ್ ಮಾರುಕಟ್ಟೆಯ ಹೂವಿನ ಸೆಲ್ವಿಯನ್ನು ನೋಡಿದರೆ ಯಾಕೆಂದು ತಿಳಿಯುತ್ತದೆ. ಮಲ್ಲಿಗೆ ಮೊಳ ಹಾಕುತ್ತಾ ನನಗೆ ಕನ್ನಡದಲ್ಲಿ ಉತ್ತರ, ಪಕ್ಕದ ತಂಗಿಗೆ ತಮಿಳಿನಲ್ಲಿ ಬೈಗುಳ, ಎದುರಿನ ಹಣ್ಣಿನಂಗಡಿಯ ಸಾಹೇಬರಿಗೆ ದಖನಿ ಉರ್ದುವಿನಲ್ಲಿ ತಮಾಷೆ, ಹೋಟೆಲಿನಿಂದ ಬಂದವನಿಗೆ ಇಂಗ್ಲಿಷಿನಲ್ಲಿ ಗದರಿಕೆ. ಇಷ್ಟಾದರೂ ಮೊಳದ ಲೆಕ್ಕ ತಪ್ಪುವುದಿಲ್ಲ. ಇಂಥವರ ತಲೆಯಲ್ಲಿ ಆ ಅಲೆ ಹೇಗಿರುತ್ತದೆ ನೋಡೋಣ ಎಂಬುದು ಮೇಡಂ ಆಸೆ.

ಹೋದ ಚಳಿಗಾಲದಲ್ಲಿ ಸ್ವೀಡನ್ನಿನಿಂದ ಪತ್ರ ಬಂತು. ಬೆಂಗಳೂರಿನ ದಾಖಲೆಗಳಲ್ಲಿ ಅಲೆಯು ಚೌಕಟ್ಟಿನ ಬಣ್ಣ ಬದಲಾಗುವುದಕ್ಕೂ ಸ್ವಲ್ಪ ಮುಂಚೆಯೇ ಏಳುತ್ತಿದೆ. ಮುಂದೆ ಬರುವುದು ಯಾರಿಗೂ ಮೊದಲೇ ತಿಳಿಯುವಂತಿಲ್ಲ. ಆದ್ದರಿಂದ ನಿಮ್ಮ ಯಂತ್ರದ ಗಡಿಯಾರ ಹಿಂದು ಮುಂದಾಗಿರಬೇಕು. ಸರಿಪಡಿಸಲಾಗದಿದ್ದರೆ ಬೆಂಗಳೂರಿನವರನ್ನೆಲ್ಲ ಕೈಬಿಡಬೇಕಾಗುತ್ತದೆ. ಪತ್ರದ ಭಾಷೆ ಬಹಳ ಮೆದುವಾಗಿತ್ತು. ನನಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ಗಡಿಯಾರವನ್ನು ದಿನಾ ಬೆಳಿಗ್ಗೆ ಪರೀಕ್ಷಿಸುತ್ತಿದ್ದವಳು ನಾನು. ಮೇಡಂಗೆ ಪರೀಕ್ಷೆಯ ಕೆಲಸಗಳಿದ್ದವು, ದಾಖಲೆಗಳ ಒಳಹೊರಗು ಗೊತ್ತಿದ್ದದ್ದೂ ನನಗೇ. ಹಾಗಾಗಿ ಒಂದು ವಾರದ ಮಟ್ಟಿಗೆ ನನ್ನನ್ನೇ ಕಳಿಸಿದರು.

ಹೊರಡುವ ಹಿಂದಿನ ದಿನ ಸೆಲ್ವಿಗೆ ವಿಷಯ ಹೇಳಿದೆ. ಅವಳು ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳಿದಳು.

"ನಮ್ ತಲೆ ಸರಿಯಿಲ್ಲ ಅಂದ್ಬಿಟ್ರಾ ಅಕ್ಕ, ಆ ಊರೋರು?"

"ತಲೆ ಅಲ್ಲ ಸೆಲ್ವಿ, ನಮ್ ಮಿಷಿನ್ ಟೈಮು."

"ಎಲ್ಲಾ ಒಂದೇ. ಎರಡು ಗಂಟೆ ಕಣ್ಣು ಪಿಳುಕಿಸ್ದೆ ಕೂತಿದೀನಿ ನಾನು. ಸುಮ್ನೆ ಬಿಟ್ಬಿಟ್ಟು ಬರ್ಬೇಡಿ."

ಬಿಟ್ಟು ಬರುವವಳೇ ನಾನು ಎಂದು ಕೇಳಿ ಹೊರಟೆ.

ಬಸ್ ನಿಲ್ದಾಣ

ಆ ಊರಿನ ಹೆಸರು ಬರೆಯುವ ಧೈರ್ಯ ನನಗಿಲ್ಲ. ನಾನು ಹೇಳಿದಾಗಲೆಲ್ಲ ಅವರು ಪ್ರೀತಿಯಿಂದ ತಿದ್ದಿದರು, ತಿದ್ದಿದ್ದನ್ನು ಮತ್ತೆ ಹೇಳಿದರೆ ಮತ್ತೆ ತಿದ್ದಿದರು. ಮಧ್ಯದಲ್ಲಿ ಅಗಲವಾದ ನದಿ, ಮಾರ್ಚ್ ಬಂದರೂ ಮೇಲೆ ಮಂಜುಗಡ್ಡೆ, ಎರಡು ದಡದಲ್ಲೂ ಬಿಳಿ ತೊಗಟೆಯ ಮರಗಳು. ಬಿಸಿಲು ಚೆನ್ನಾಗಿಯೇ ಇತ್ತು. ಬಿಸಿಲಿದ್ದರೆ ಸೆಖೆ ಇರಬೇಕೆಂಬ ನನ್ನ ನಂಬಿಕೆ ಮೊದಲ ಬೆಳಿಗ್ಗೆಯೇ ಹೋಯಿತು.

ಬಸ್ ನಿಲ್ದಾಣದಲ್ಲಿ ಐದು ಜನ ನಿಂತಿದ್ದರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಆಟೊ ನಿಲ್ಲಿಸುವಷ್ಟು ಜಾಗ. ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಜಾಗ ಬಿಟ್ಟರೆ ಅದರಲ್ಲಿ ಯಾರಾದರೂ ಗಾಡಿ ಹಾಕಿಕೊಂಡು ಕಡಲೆಕಾಯಿ ಮಾರುತ್ತಾರೆ. ನಾನು ಅಭ್ಯಾಸಬಲದಿಂದ ಹೋಗಿ ಒಬ್ಬ ಹೆಂಗಸಿನ ಪಕ್ಕದಲ್ಲೇ ನಿಂತೆ. ಆಕೆ ಮುಗುಳ್ನಕ್ಕು ಎರಡು ಹೆಜ್ಜೆ ಸರಿದಳು. ನನಗೇ ಜಾಗ ಬಿಟ್ಟಳೆಂದು ತಿಳಿದು ನಾನೂ ಎರಡು ಹೆಜ್ಜೆ ಸರಿದೆ. ಹೀಗೆ ನಾವಿಬ್ಬರೂ ನಿಲ್ದಾಣದ ತುದಿಯವರೆಗೆ ಹೋದೆವು.

ಅಲ್ಲಿಗೆ ಬಂದ ಬಸ್ಸನ್ನು ತೋರಿಸಿ, ಇದು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ತುಟಿ ಕಿರಿದು ಮಾಡಿ 'ಶುಪ್' ಎಂದು ಗಾಳಿಯನ್ನು ಒಳಗೆಳೆದುಕೊಂಡಳು. ಮಾತಿಲ್ಲ. ಮತ್ತೆ ಕೇಳಿದೆ. ಮತ್ತೆ 'ಶುಪ್'. ಚಳಿಗೆ ಉಬ್ಬಸ ಶುರುವಾಗಿದೆ ಎಂದು ನನಗೆ ಗಾಬರಿಯಾಯಿತು. ಚೀಲದಿಂದ ಫ್ಲಾಸ್ಕ್ ತೆಗೆದು ಬಿಸಿನೀರು ಬಗ್ಗಿಸಿ ಆಕೆಯ ಮುಂದೆ ಹಿಡಿದೆ. ಪಾಪ, ಆಕೆ ಕುಡಿದಳು. ಬೇಡ ಎನ್ನಲು ಸಂಕೋಚವಿರಬೇಕು. ಅಷ್ಟರಲ್ಲಿ ಬಸ್ ಹೊರಟುಹೋಯಿತು, ನಾವಿಬ್ಬರೂ ಮುಂದಿನ ಬಸ್ಸಿಗಾಗಿ ಕಾದೆವು.

ಆ ಸೀಮೆಯಲ್ಲಿ ಹೌದು ಎನ್ನುವುದಕ್ಕೆ ಬಾಯಿ ಬಿಡಬೇಕಾಗಿಲ್ಲವಂತೆ. ಉಸಿರನ್ನು ಚುಟುಕಾಗಿ ಒಳಗೆಳೆದರೆ ಸಾಕು. ನಮ್ಮವರು ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತೇವಲ್ಲ, ಅದನ್ನು ಕಂಡು ಹೊರಗಿನವರು ಕಂಗಾಲಾಗುವುದು ಯಾಕೆಂದು ಅವತ್ತು ನನಗೆ ಅರ್ಥವಾಯಿತು.

ಟೊಪ್ಪಿಯ ಕೋಣೆ

ಪತ್ರ ಬರೆದವಳು ಇಂಗ್ರಿಡ್. ಅಲ್ಲಿನ ಮುಖ್ಯಸ್ಥೆ, ಐವತ್ತು ದಾಟಿದವಳು, ಎತ್ತರದ ಹೆಂಗಸು. ನಾನು ಪ್ರೊಫೆಸರ್ ಎಂದರೆ ಇಂಗ್ರಿಡ್ ಎನ್ನಿ ಎಂದಳು. ಡಾಕ್ಟರ್ ಎಂದರೂ ಇಂಗ್ರಿಡ್ ಎನ್ನಿ ಎಂದಳು. ನನ್ನ ಬಾಯಲ್ಲಿ ಕೊನೆಗೆ ಹೊರಟದ್ದು ಇಂಗ್ರಿಡ್ ಮೇಡಂ. ಹೋಗಲಿ ಬಿಡು ಎಂಬಂತೆ ಸುಮ್ಮನಾದಳು. ಜಗಳಕ್ಕೆಂದು ಹೋದವಳಿಗೆ ಎದುರಾಳಿ ಇಷ್ಟು ಒಳ್ಳೆಯವಳಾಗಿದ್ದರೆ ಬಹಳ ಕಷ್ಟ.

ಅವರ ಪ್ರಯೋಗದ ಕೋಣೆಗೆ ದಪ್ಪ ಬಾಗಿಲು. ಒಳಗೆ ಕುಳಿತವರ ಜೊತೆ ಯಾರೂ ಇರುವುದಿಲ್ಲ, ಮೈಕಿನಲ್ಲಿ ಮಾತು. ಮುಗಿದ ಮೇಲೆ ತಲೆಯಲ್ಲಿನ ಜೆಲ್ಲನ್ನು ಅವರವರೇ ಸಿಂಕಿನಲ್ಲಿ ತೊಳೆದುಕೊಳ್ಳುತ್ತಾರೆ. ನಮ್ಮಲ್ಲಿ ನಾನೇ ಬಿಸಿನೀರು ಹುಯ್ದು ತೊಳೆದು, ಟವೆಲಿನಲ್ಲಿ ಒರೆಸಿ, ಕಾಫಿ ಕೊಟ್ಟು ಕಳಿಸುತ್ತೇನೆ. ಇದನ್ನು ಹೇಳಿದಾಗ ಅಲ್ಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೊದಲ ದಿನ ನನ್ನದೇ ತಲೆಗೆ ಟೊಪ್ಪಿ ಹಾಕಿ ಎರಡೂ ಕಡೆಯ ಯಂತ್ರಗಳನ್ನು ಹೋಲಿಸುವುದೆಂದಾಯಿತು. ಇಂಗ್ರಿಡ್ ಜೆಲ್ ತುಂಬಿದಳು. ಒಂದು ತೂತಿನಿಂದಲೂ ಅಲೆ ಬರಲಿಲ್ಲ. ಇನ್ನಷ್ಟು ತುಂಬಿದಳು. ಆಮೇಲೆ ಬೆರಳು ಮೂಸಿ ನೋಡಿದಳು. ಚಳಿಗೆ ನೆತ್ತಿ ಒಣಗಬಾರದೆಂದು ನಮ್ಮತ್ತೆ ಕಟ್ಟಿಕೊಟ್ಟಿದ್ದ ಕೊಬ್ಬರಿ ಎಣ್ಣೆಯನ್ನು ನಾನು ಬೆಳಿಗ್ಗೆ ತಲೆತುಂಬ ಹಚ್ಚಿಕೊಂಡಿದ್ದೆ. ಎಣ್ಣೆಯ ಮೇಲೆ ಜೆಲ್ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ನಾನು ಬರುವವರಿಗೆಲ್ಲ ಹಿಂದಿನ ದಿನ ಫೋನ್ ಮಾಡಿ ಎಣ್ಣೆ ಮುಟ್ಟಬೇಡಿ ಎಂದು ಗದರಿಸುತ್ತೇನೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಮೂರು ಸಲ ಶಾಂಪೂ ಹಾಕಿ ತೊಳೆದರು, ನಾನು ನಾಚಿಕೆಯಿಂದ ಸಿಂಕಿನ ಮೇಲೆ ಬಗ್ಗಿಯೇ ಇದ್ದೆ.

ಎರಡನೇ ದಿನ ನನ್ನದಾಗಿತ್ತು. ಬೆಂಗಳೂರಿನಿಂದ ಹೊತ್ತು ತಂದಿದ್ದ ನಮ್ಮ ಲ್ಯಾಪ್‌ಟಾಪನ್ನು ತೆರೆದು, ಬೆಳಕು ಗುರುತಿಸುವ ಪುಟ್ಟ ಸಾಧನವನ್ನು ಪರದೆಗೆ ಅಂಟಿಸಿದೆ. ಚೌಕಟ್ಟಿನ ಬಣ್ಣ ಬದಲಾಗುವ ಕ್ಷಣವನ್ನು ಅದು ಹಿಡಿಯುತ್ತದೆ, ಯಂತ್ರ ಬರೆದುಕೊಂಡ ಕ್ಷಣದ ಜೊತೆ ಅದನ್ನು ತಾಳೆ ನೋಡಬಹುದು. ಎರಡು ವರ್ಷದ ಬೆಳಗಿನ ಪರೀಕ್ಷೆಗಳೂ ನನ್ನ ಬಳಿ ಇದ್ದವು. ಒಂದೊಂದಾಗಿ ತೆಗೆದು ಮುಂದಿಟ್ಟೆ. ಎಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಇಂಗ್ರಿಡ್ ತಾನೇ ಮತ್ತೊಮ್ಮೆ ಮಾಡಿ ನೋಡಿದಳು, ಮಧ್ಯಾಹ್ನದವರೆಗೂ ನೋಡಿದಳು. ನಾನು ಕೈಕಟ್ಟಿಕೊಂಡು ಕಿಟಕಿಯಾಚೆಯ ನದಿ ನೋಡುತ್ತಾ ನಿಂತಿದ್ದೆ. ಒಳಗೊಳಗೇ ಹಿಗ್ಗುತ್ತಿದ್ದೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಕಾಫಿ ಹೊತ್ತು

ದಿನಕ್ಕೆ ಎರಡು ಸಲ, ಯಾರ ಕೆಲಸ ಎಲ್ಲಿದ್ದರೂ ಅಲ್ಲೇ ಬಿಟ್ಟು, ಅಲ್ಲಿನವರೆಲ್ಲ ಒಂದು ಉದ್ದನೆಯ ಮೇಜಿಗೆ ಬಂದು ಕೂರುತ್ತಾರೆ. ಕಾಫಿ, ಜೊತೆಗೆ ದಾಲ್ಚಿನ್ನಿ ಹಾಕಿ ಸುರುಳಿ ಸುತ್ತಿದ ಬನ್ನು. ಮುಖ್ಯಸ್ಥೆ, ವಿದ್ಯಾರ್ಥಿ, ನೆಲ ಒರೆಸುವವರು ಎಲ್ಲ ಒಂದೇ ಮೇಜು, ಅವರವರ ಲೋಟ ಅವರವರೇ ತೊಳೆಯಬೇಕು. ಒಬ್ಬರ ಮಾತು ಮುಗಿದು ಇನ್ನೊಬ್ಬರು ಶುರುಮಾಡುವ ಮಧ್ಯೆ ಒಂದು ಮೌನ. ಮೊದಮೊದಲು ಆ ಮೌನ ಬಂದಾಗಲೆಲ್ಲ ನಾನು ಯಾರಿಗೋ ಬೇಸರವಾಗಿದೆ ಎಂದುಕೊಂಡು ಹಲಸೂರು ಕೆರೆಯ ವಿಷಯವೋ ನನ್ನ ಮಗಳ ಕಾಲೇಜಿನ ವಿಷಯವೋ ತೆಗೆದು ತುಂಬುತ್ತಿದ್ದೆ. ನಾಲ್ಕನೇ ಸಲಕ್ಕೆ ಗೊತ್ತಾಯಿತು, ಅವರು ಯೋಚಿಸುತ್ತಿದ್ದರು.

ಎರಡನೇ ದಿನ ಮೂರು ಗಂಟೆಯ ಕಾಫಿಗೆ ಇಂಗ್ರಿಡ್ ಎಲ್ಲರೆದುರಿಗೆ ಹೇಳಿದಳು. ಬೆಂಗಳೂರಿನ ಗಡಿಯಾರ ಸರಿಯಾಗಿದೆ, ನನ್ನ ಅನುಮಾನ ತಪ್ಪು, ಬೆಂಗಳೂರಿನವರು ಉಳಿಯುತ್ತಾರೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಜಿನ ಸುತ್ತ ಮೂರ್ನಾಲ್ಕು ಕಡೆ 'ಶುಪ್' 'ಶುಪ್' ಎಂದು ಉಸಿರು ಒಳಗೆ ಹೋಯಿತು, ಅಷ್ಟೇ. ಅಲೆ ಯಾಕೆ ಮುಂಚೆಯೇ ಏಳುತ್ತದೆ ಎನ್ನುವುದು ತನಗೆ ಇನ್ನೂ ತಿಳಿದಿಲ್ಲ ಎಂದೂ ಇಂಗ್ರಿಡ್ ಸೇರಿಸಿದಳು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕು ಭಾಷೆಯ ಜನರ ತಲೆ ಹಾಗೆಯೇ, ಬಣ್ಣ ಬರುವ ಮುಂಚೆಯೇ ಎದ್ದು ಕೂರುತ್ತದೆ ಎಂದು ನನ್ನ ವಿಜ್ಞಾನವನ್ನು ನಾನೇ ಬರೆದುಕೊಂಡೆ. ಮೇಡಂಗೆ ಗೆದ್ದೆವು ಎಂದು ಮೆಸೇಜ್ ಕಳಿಸಿದೆ.

ಗುನ್ನಾರ್ ಕುಳಿತ ಕುರ್ಚಿ

ಮೂರನೇ ದಿನ ಇಂಗ್ರಿಡ್‌ಗೆ ಪಾಠವಿತ್ತು. ನಮ್ಮ ಲ್ಯಾಪ್‌ಟಾಪಿನಲ್ಲೇ ಅಲ್ಲಿಯವರೊಬ್ಬರ ದಾಖಲೆ ಮಾಡಿಟ್ಟರೆ ಹೋಲಿಕೆಗೆ ಅನುಕೂಲ ಎಂದು ಹೇಳಿ ಹೋದಳು. ಬಂದವನು ಗುನ್ನಾರ್, ನಿವೃತ್ತ ಬಸ್ ಚಾಲಕ, ನಮ್ಮ ಮಾವನ ವಯಸ್ಸಿನವನು. ಟೊಪ್ಪಿ ಹಾಕಿದೆ. ಹಲ್ಲು ಕಚ್ಚಬೇಡಿ, ಭುಜ ಸಡಿಲ ಬಿಡಿ ಎಂದೆ. ಆ ದಪ್ಪ ಬಾಗಿಲ ಹಿಂದೆ ಮುದುಕನೊಬ್ಬನನ್ನೇ ಕೂರಿಸಿ ಹೊರಗೆ ಬರಲು ನನಗೆ ಮನಸ್ಸಾಗಲಿಲ್ಲ. ಕುರ್ಚಿಯೊಂದನ್ನು ಒಳಗೆಳೆದುಕೊಂಡು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಬೆನ್ನ ಹಿಂದೆ ಓರೆಯಾಗಿ ಕುಳಿತೆ. ಬೆಂಗಳೂರಿನಲ್ಲೂ ನಾನು ಹಾಗೆಯೇ ಕೂರುವುದು. ಎಲ್ಲೆಲ್ಲಿ ತಪ್ಪುತ್ತಾರೆ ಎಂದು ಗುರುತು ಹಾಕಿಕೊಳ್ಳಲು ಮುಂದೆ ಬರುವ ಬಣ್ಣಗಳ ಪಟ್ಟಿ ನನ್ನ ಪರದೆಯಲ್ಲಿರುತ್ತದೆ.

ಮುಗಿದ ಮೇಲೆ ಅವನ ತಲೆಯನ್ನೂ ನಾನೇ ತೊಳೆದೆ. ಮೊದಲು ಬೇಡವೆಂದ, ಆಮೇಲೆ ಕಣ್ಣು ಮುಚ್ಚಿಕೊಂಡ. ತಲೆ ಒರೆಸುವಾಗ ಇಂಗ್ಲಿಷಿನಲ್ಲಿ, ಬಹಳ ನಿಧಾನವಾಗಿ, ಮಾತು ಹುಡುಕಿ ಹುಡುಕಿ ಹೇಳಿದ.

"ನೀವೂ ನಮ್ಮ ಹಾಗೇ ಹೌದು ಅಂತೀರಲ್ಲ."

ನನಗೆ ತಿಳಿಯಲಿಲ್ಲ. ಯಾವಾಗ ಎಂದು ಕೇಳಿದೆ.

"ಬಣ್ಣ ಬದಲಾಗೋಕೆ ಮುಂಚೆ. ಪ್ರತಿ ಸಲವೂ. ಬದಲಾಗದೆ ಇದ್ದಾಗ ಅನ್ನಲ್ಲ." ಅವನು ಹಲ್ಲಿನ ಸಂದಿಯಿಂದ 'ಸ್ಸ್' ಎಂದು ಸಣ್ಣಗೆ ಉಸಿರೆಳೆದು ತೋರಿಸಿದ. "ಮೊದಲು ಆಶ್ಚರ್ಯ ಆಯ್ತು. ಆಮೇಲೆ ಸುಲಭ ಆಯ್ತು."

ಅವನು ತೋರಿಸಿದ ಆ ಉಸಿರು ನನಗೆ ಚೆನ್ನಾಗಿ ಗೊತ್ತಿತ್ತು. ಕೇರಂ ಆಡುವವರ ಹಿಂದೆ ನಿಂತವರು ಪಾನು ಗುಳಿಯ ಬಾಯಿಗೆ ಬಂದಾಗ ಎಳೆದುಕೊಳ್ಳುತ್ತಾರಲ್ಲ, ಅದು. ಈಗ ಕಷ್ಟದ್ದು ಬರುತ್ತಿದೆ, ತಪ್ಪದಿರಲಿ ಎಂದು ಕುಳಿತವರ ಪರವಾಗಿ ನಾನು ಎಳೆದುಕೊಂಡದ್ದು. ಎರಡು ವರ್ಷ, ಪ್ರತಿಯೊಬ್ಬರ ಬೆನ್ನ ಹಿಂದೆ ಕುಳಿತು, ಪ್ರತಿ ಬದಲಾವಣೆಗೂ ಎಳೆದುಕೊಂಡಿದ್ದೆ. ನಮ್ಮಲ್ಲಿ ಯಾರೂ ಹೇಳಲಿಲ್ಲ, ಏಕೆಂದರೆ ನಮ್ಮಲ್ಲಿ ಎಲ್ಲರೂ ಎಳೆದುಕೊಳ್ಳುತ್ತಾರೆ. ಅವರ ಕಿವಿ ಅದನ್ನು ಗಮನಿಸಲಿಲ್ಲ, ತಲೆ ಗಮನಿಸಿತ್ತು.

ಗುನ್ನಾರ್‌ಗೆ ಏನೋ ತಪ್ಪು ಹೇಳಿದೆನೆಂದು ಅನ್ನಿಸಿರಬೇಕು. ಥ್ಯಾಂಕ್ಸ್ ಹೇಳಿ, ಟೊಪ್ಪಿ ಹಾಕಿಕೊಂಡು, ಈ ಸಲ ಉಣ್ಣೆಯದು, ಹೊರಟುಹೋದ.

ನದಿ ದಂಡೆ

ಮೂರು ಗಂಟೆಯ ಕಾಫಿಗೆ ನಾನು ಹೋಗಲಿಲ್ಲ. ನದಿ ದಂಡೆಯಲ್ಲಿ ನಡೆದೆ. ಇನ್ನೂ ಬೆಳಕಿತ್ತು. ಮಂಜುಗಡ್ಡೆ ತೆಳುವಾಗುತ್ತಿದೆ, ಮೇಲೆ ನಡೆಯಬೇಡಿ ಎಂದು ಚಿತ್ರ ಬರೆದ ಫಲಕಗಳಿದ್ದವು. ಫಲಕದ ಪಕ್ಕದಲ್ಲೇ ಒಬ್ಬ ತಂದೆ ಮಗುವನ್ನು ಚಿಕ್ಕ ಜಾರುಬಂಡಿಯಲ್ಲಿ ಕೂರಿಸಿ ದಂಡೆಯ ಮೇಲೆ ಎಳೆಯುತ್ತಿದ್ದ, ಮಗು ಅಂಗಾತ ಮಲಗಿ ನಿದ್ದೆ ಮಾಡುತ್ತಿತ್ತು.

ವಿಷಯ ನನಗೊಬ್ಬಳಿಗೇ ಗೊತ್ತು. ಗುನ್ನಾರ್‌ಗೆ ತಾನು ಹೇಳಿದ್ದರ ಅರ್ಥ ಗೊತ್ತಿಲ್ಲ. ಅವನ ದಾಖಲೆ ಕೆಟ್ಟುಹೋಯಿತು ಎಂದು ಅಳಿಸಿಹಾಕಿದರೆ ಮುಗಿಯಿತು. ಇಂಗ್ರಿಡ್ ಎಲ್ಲರೆದುರು ಒಪ್ಪಿಕೊಂಡಾಗಿದೆ. ಬೆಂಗಳೂರಿನವರು ಉಳಿಯುತ್ತಾರೆ. ನಾನು ಒಳಗೆ ಕೂರುತ್ತಿದ್ದೆ ಎಂದು ನಮ್ಮ ಯಾವ ಕಾಗದದಲ್ಲೂ ಇಲ್ಲ. ಬೇಕೆಂದು ಬಿಟ್ಟದ್ದಲ್ಲ, ಅದು ಬರೆಯುವಂಥ ವಿಷಯವೆಂದು ಅನ್ನಿಸಿಯೇ ಇರಲಿಲ್ಲ. ಮನೆಗೆ ಬಂದವರಿಗೆ ನೀರು ಕೊಟ್ಟದ್ದನ್ನು ಯಾರಾದರೂ ಬರೆದಿಡುತ್ತಾರೆಯೇ. ಹೀಗೆ ನನ್ನ ಪರವಾಗಿ ನಾನೇ ವಾದ ಮಾಡುತ್ತಾ ಸೇತುವೆಯವರೆಗೆ ಹೋದೆ. ವಾದ ಚೆನ್ನಾಗಿಯೇ ಇತ್ತು. ಆದರೆ ಒಂದು ಭಯ ಬಿಡಲಿಲ್ಲ. ಬೆಂಗಳೂರಿನವರ ತಲೆ ಮುಂಬರುವುದನ್ನು ತಾನಾಗಿ ಬಲ್ಲದು ಎಂದು ನಾಳೆ ಪುಸ್ತಕದಲ್ಲಿ ಅಚ್ಚಾದರೆ, ಅದು ನನ್ನ ಉಸಿರಿನ ಸದ್ದು ಎಂದು ನನಗೆ ಸಾಯುವವರೆಗೂ ಗೊತ್ತಿರುತ್ತದೆ. ನಾನು ಹೆಮ್ಮೆಯ ಹೆಂಗಸು. ಸುಳ್ಳು ಹೆಮ್ಮೆ ಹೊತ್ತು ತಿರುಗಿ ಅಭ್ಯಾಸವಿಲ್ಲ.

ಸೇತುವೆಯ ಮೇಲಿಂದ ಮೇಡಂಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಊಟದ ಹೊತ್ತು. ಎಲ್ಲವನ್ನೂ ಹೇಳಿದೆ.

"ಮಂಜುಳಾ, ನೀವು ಒಳಗೆ ಕೂರ್ತಿದ್ರಿ ಅಂತ ನಂಗೂ ಗೊತ್ತಿತ್ತು," ಎಂದರು. "ಎಷ್ಟು ಸಲ ಕಿಟಕಿಯಿಂದ ನೋಡಿದೀನಿ. ನಾನೂ ಬರೀಲಿಲ್ಲ. ನಾಳೆ ಹೇಳುವಾಗ ಇಬ್ಬರ ಹೆಸರೂ ಹೇಳಿ."

ಬೈದಿದ್ದರೆ ಅಳು ಬರುತ್ತಿರಲಿಲ್ಲ. ಚಳಿಗೆ ಕಣ್ಣೀರು ಕೆನ್ನೆಯ ಮೇಲೆ ಉರಿಯುತ್ತದೆ ಎನ್ನುವುದು ನನಗೆ ಹೊಸ ವಿಷಯವಾಗಿತ್ತು.

ಮತ್ತೆ ಆ ಮೇಜು

ಮರುದಿನ ಹತ್ತು ಗಂಟೆಯ ಕಾಫಿಗೆ ಎಲ್ಲರೂ ಕುಳಿತ ಮೇಲೆ ಎದ್ದು ನಿಂತೆ. ಅಲ್ಲಿ ಯಾರೂ ಎದ್ದು ನಿಂತು ಮಾತಾಡುವುದಿಲ್ಲ, ಆದರೆ ನನಗೆ ಕೂತು ತಪ್ಪೊಪ್ಪಿಕೊಳ್ಳಲು ಬರುವುದಿಲ್ಲ. ನಾನು ಒಳಗೆ ಕೂರುತ್ತಿದ್ದದ್ದು, ಮುಂದಿನ ಬಣ್ಣ ನನಗೆ ಕಾಣುತ್ತಿದ್ದದ್ದು, ನನ್ನ ಉಸಿರು, ಗುನ್ನಾರ್ ಹೇಳಿದ್ದು, ಮೇಡಂ ಹೇಳಿದ್ದು, ಎಲ್ಲ ಹೇಳಿದೆ. ಆಮೇಲೆ ಆ ಮೌನ ಬಂತು. ಈ ಸಲ ಅದನ್ನು ತುಂಬಲು ನನ್ನ ಬಳಿ ಏನೂ ಇರಲಿಲ್ಲ.

ಇಂಗ್ರಿಡ್ ಕೇಳಿದ್ದು ಒಂದೇ ಪ್ರಶ್ನೆ. ನೀವಿಲ್ಲದೆ ಯಾವತ್ತಾದರೂ ದಾಖಲೆ ನಡೆದಿದೆಯೇ. ನಡೆದಿತ್ತು. ನನಗೆ ಡೆಂಗಿ ಬಂದು ಮೂರು ವಾರ ಮಲಗಿದ್ದಾಗ ಜೊತೆಯ ಫರ್ಹಾನಾ ಮಾಡಿದ್ದಳು. ಅವಳಿಗೆ ಒಳಗಿನ ಸೆಖೆ ಆಗದು, ಹೊರಗೆ ಫ್ಯಾನಿನ ಕೆಳಗೆ ಕೂರುತ್ತಾಳೆ.

ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆವು. ಅಲ್ಲಿನವರು ಕಾಫಿ ಅರ್ಧಕ್ಕೆ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಫರ್ಹಾನಾಳ ಮೂರು ವಾರಗಳನ್ನು ಬೇರೆ ತೆಗೆದು ನೋಡಿದೆವು. ಅಲೆ ಬಣ್ಣ ಬದಲಾದ ಮೇಲೆಯೇ ಎದ್ದಿತ್ತು, ಸ್ವೀಡನ್ನಿನವರದು ಎದ್ದ ಹಾಗೆ. ನನ್ನ ವಾರಗಳಲ್ಲಿ ಮುಂಚೆಯೇ. ಗುನ್ನಾರ್‌ನ ದಾಖಲೆಯನ್ನೂ ತೆರೆದೆವು. ನಾಲ್ಕು ಭಾಷೆ ಬಾರದ, ಜನ್ಮದಲ್ಲಿ ಬೆಂಗಳೂರು ಕಾಣದ ಆ ಮುದುಕನ ತಲೆಯಲ್ಲೂ ನನ್ನ ಉಸಿರಿನ ಬೆನ್ನಿಗೇ ಅಲೆ ಏಳುತ್ತಿತ್ತು. ಹಳೇ ನಿಯಮವನ್ನು ಕಾಯುವ ಚುರುಕು ಅಲೆ ಅಷ್ಟು ಸಣ್ಣ ಸದ್ದಿಗೇ ಹಿಡಿ ಬಿಟ್ಟಿತ್ತು. ಬಣ್ಣಕ್ಕಾಗಿ ಕಾಯದೆ, ಸಿಕ್ಕಿದ ಸುಳಿವನ್ನು ಹಿಡಿದು, ತಲೆ ಮುಂದಿನ ಕೆಲಸಕ್ಕೆ ಸಿದ್ಧವಾಗಿ ಕುಳಿತಿತ್ತು.

ಇಂಗ್ರಿಡ್ ನೇರವಾಗಿ ಹೇಳಿದಳು. ಫರ್ಹಾನಾ ದಾಖಲಿಸಿದವರು ಉಳಿಯುತ್ತಾರೆ, ನೀವು ದಾಖಲಿಸಿದವರು ಈ ಅಧ್ಯಯನದಲ್ಲಿ ಇರುವಂತಿಲ್ಲ. ಅವರಿಗೆ ಕೊಟ್ಟದ್ದು ಬೇರೆಯೇ ಪ್ರಯೋಗ. ಮುಂದೆ ಬೇಕೆಂದೇ ಉಸಿರಿನ ಸುಳಿವು ಕೊಟ್ಟು ಮಾಡಿ ನೋಡಬಹುದು, ಅದಕ್ಕೆ ನೀವೇ ಬೇಕು ಎಂದಳು. ಅದು ಸಮಾಧಾನದ ಮಾತಾಗಿರಲಿಲ್ಲ, ಅವಳಿಗೆ ಸಮಾಧಾನದ ಮಾತು ಬರುವುದಿಲ್ಲ. ಆದರೂ ಉಳಿಸಿಕೊಳ್ಳಲೆಂದು ತಂದಿದ್ದ ದಾಖಲೆಗಳನ್ನು ನಾನು ಕಳೆದುಕೊಂಡಿದ್ದೆ. ಎರಡು ವರ್ಷದ ಕೆಲಸದಲ್ಲಿ ಉಳಿದದ್ದು ನನಗೆ ಜ್ವರ ಬಂದಿದ್ದ ಮೂರು ವಾರ.

ನಾನು ಊರು ಬಿಡುವಾಗ ಇಂಗ್ರಿಡ್ ವಿಮಾನ ನಿಲ್ದಾಣದವರೆಗೂ ಬಂದಳು. ಕೈ ಕುಲುಕಿ, ನಾನೂ ಆ ಕೋಣೆಯ ಹೊರಗೆ ಎಷ್ಟೋ ವರ್ಷ ಕುಳಿತಿದ್ದೇನೆ, ಯಾವತ್ತೂ ಯಾರಿಗಾಗಿಯೂ ಉಸಿರು ಹಿಡಿದ ನೆನಪಿಲ್ಲ ಎಂದಳು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಇಂಗ್ರಿಡ್ ಮೇಡಂ, ನಮ್ಮಲ್ಲಿಗೆ ಒಂದು ಸಲ ಬನ್ನಿ ಎಂದಷ್ಟೇ ಹೇಳಿದೆ.

ಶಿವಾಜಿನಗರ

ಬಂದ ಮೇಲೆ ಎರಡು ದಿನ ನಾನು ಮಾರುಕಟ್ಟೆಯ ಕಡೆ ಹೋಗಲಿಲ್ಲ. ಲಿಂಗರಾಜಪುರದ ಫ್ಲೈಓವರ್ ಮೇಲಿನ ಗದ್ದಲದಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಸೀದಾ ಕೆಲಸಕ್ಕೆ, ಕೆಲಸದಿಂದ ಮನೆಗೆ. ಮೂರನೇ ದಿನ ಸೆಲ್ವಿಯೇ ಫೋನ್ ಮಾಡಿದಳು. ಹೋಗಿ ಅವಳ ಬುಟ್ಟಿಯ ಪಕ್ಕ ಮಣೆಯ ಮೇಲೆ ಕುಳಿತು ಹೇಳಿದೆ. ನಿಮ್ಮ ತಲೆಯೂ ಸರಿಯಿತ್ತು, ಮಿಷಿನ್ನೂ ಸರಿಯಿತ್ತು, ತಪ್ಪು ನನ್ನದು ಎಂದೆ. ಹೇಗೆಂದು ಉಸಿರೆಳೆದು ತೋರಿಸಿದೆ. ನಿನ್ನದನ್ನು ಕೈಬಿಟ್ಟಿದ್ದಾರೆ ಎಂದೂ ಹೇಳಿದೆ.

ಅವಳು ಕನಕಾಂಬರ ಕಟ್ಟುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ನಡುವೆ ಒಬ್ಬರಿಗೆ ತಮಿಳಿನಲ್ಲಿ ಇರು ಎಂದಳು, ಇನ್ನೊಬ್ಬರಿಗೆ ಎರಡು ಮೊಳ ಕೊಟ್ಟಳು.

"ಅಂದ್ರೆ ನಾನು ನಿಮ್ಮನ್ನ ಕೇಳ್ಕೊಂಡು ಮಾಡ್ದೆ," ಎಂದಳು ಕೊನೆಗೆ.

"ಹೌದು."

"ಗೊತ್ತೇ ಆಗ್ಲಿಲ್ಲ ನೋಡಿ ನಂಗೆ." ದಾರ ಕತ್ತರಿಸುತ್ತಾ ಕೇಳಿದಳು. "ಇನ್ನೊಂದ್ ಸಲ ಕೂರಕ್ಕೆ ಬಿಡ್ತಾರಾ?"

ಬಿಡುತ್ತಾರೆ ಎಂದೆ. ಆದರೆ ನಾನು ಒಳಗಿರುವುದಿಲ್ಲ, ಬಾಗಿಲು ಹಾಕುತ್ತೇವೆ, ಅದನ್ನು ಹೊಸ ದಾಖಲೆಯಾಗಿ ಬೇರೆಯೇ ಇಡುತ್ತೇವೆ ಎಂದೂ ಹೇಳಿದೆ. ಸೆಲ್ವಿಗೆ ಮುಚ್ಚಿದ ಕೋಣೆ ಎಂದರೆ ಎದೆ ಹಿಂಡುತ್ತದೆ, ಮೊದಲ ಸಲ ಅವಳು ಒಪ್ಪಿದ್ದೇ ನಾನು ಒಳಗೆ ಕೂರುತ್ತೇನೆಂದು. ಅವಳು ಹೂವಿಗೆ ನೀರು ಚಿಮುಕಿಸಿದಳು.

ಸೋಮವಾರ ಬಂದಳು. ತಲೆಗೆ ಎಣ್ಣೆ ಮುಟ್ಟಿಸಿರಲಿಲ್ಲ. ಟೊಪ್ಪಿ ಹಾಕಿ, ಜೆಲ್ ತುಂಬಿ, ಬಾಗಿಲು ಎಳೆದುಕೊಂಡು ನಾನು ಹೊರಗೆ ಬಂದೆ. ಮೇಡಂ ನನ್ನ ಪಕ್ಕ ಕುಳಿತರು. ಮೊದಲ ಹತ್ತು ನಿಮಿಷದಲ್ಲಿ ಸೆಲ್ವಿ ಬಾಗಿಲು ತೆಗೆಯಿರಿ ಎಂಬಂತೆ ಎರಡು ಸಲ ಕೈಯೆತ್ತಿದಳು, ಎರಡು ಸಲವೂ ತಾನೇ ಇಳಿಸಿದಳು. ತಪ್ಪುಗಳು ಸಾಲಾಗಿ ಬಂದವು, ಮೊದಲಿಗಿಂತ ಹೆಚ್ಚು. ಆಮೇಲೆ ಕಡಿಮೆ ಆದವು. ಚೌಕಟ್ಟು ನೀಲಿಯಿಂದ ಹಳದಿಗೆ ತಿರುಗಿದಾಗ ಪರದೆಯ ಮೇಲೆ ಅಲೆ ಎದ್ದಿತು. ಮುಂಚೆಯಲ್ಲ, ತಿರುಗಿದ ಮೇಲೆ. ದೊಡ್ಡದಾಗಿ ಎದ್ದಿತು. ಮೇಡಂ ನನ್ನ ಮೊಣಕೈ ಹಿಡಿದುಕೊಂಡರು.

ಬಾಗಿಲು ತೆರೆದಾಗ ಸೆಲ್ವಿಯ ರವಿಕೆ ಬೆವರಿನಿಂದ ಒದ್ದೆಯಾಗಿತ್ತು. ಹೇಗಿತ್ತು ಎಂದು ಕೇಳಿದೆ.

"ಕಷ್ಟ ಇತ್ತು," ಎಂದಳು. ಟೊಪ್ಪಿಯ ದಾರವನ್ನು ಗದ್ದದಿಂದ ತಾನೇ ಬಿಚ್ಚಿಕೊಂಡಳು. "ಆದ್ರೆ ಎಲ್ಲಾ ನಾನೇ ಮಾಡ್ದೆ ಅಕ್ಕ. ಇದನ್ನ ಬರ್ಕೊಳ್ಳಿ."